ಮನೆ ಹಿಂದಿನ ಟೇಕಡಿಯಲ್ಲಿ ವಸಂತ

ಫೆಬ್ರವರಿ ಕೊನೆಯ ಹೊತ್ತಿಗೆ ಪುಣೆಯ ಗುಡ್ಡಗಳನ್ನು ನೋಡಿದವರು ವಸಂತ ಬಂದಿದೆ ಎಂದರೆ ನಂಬಲಾರರು. ಹುಲ್ಲು ಒಣಗಿ ಕಂದಾಗಿರುತ್ತದೆ. ಕಾಲಿಟ್ಟಲ್ಲೆಲ್ಲ ಧೂಳು. ಅರ್ಧಕ್ಕರ್ಧ ಮರಗಳು ಬೋಳಾಗಿ ನಿಂತಿರುತ್ತವೆ. ಆದರೆ ಕ್ಯಾಮೆರಾ ಹಿಡಿದು ಹೊರಟವರಿಗೆ ವರ್ಷದಲ್ಲಿ ಇದಕ್ಕಿಂತ ಒಳ್ಳೆಯ ಕಾಲ ಇನ್ನೊಂದಿಲ್ಲ. ಮರಗಳು ಬೋಳಾಗಿರುವುದೇ ಅದಕ್ಕೆ ಕಾರಣ.

ಪುಣೆಯಲ್ಲಿ ಮಳೆ ಬೀಳುವುದು ಮುಖ್ಯವಾಗಿ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ, ಊರೊಳಗೆ ವರ್ಷಕ್ಕೆ ಸುಮಾರು 700 ಮಿಲಿಮೀಟರ್. ಆಮೇಲಿನ ತಿಂಗಳುಗಳಲ್ಲಿ ನೆಲದಲ್ಲಿ ಉಳಿದ ತೇವವೇ ಮರಗಳಿಗೆ ಗತಿ. ಎಲೆ ಇದ್ದಷ್ಟೂ ನೀರು ಆವಿಯಾಗಿ ಹೋಗುತ್ತದೆ, ಹಾಗಾಗಿ ಚಳಿ ಮುಗಿಯುತ್ತಿದ್ದಂತೆ ಮರಗಳು ಎಲೆ ಕಳಚಿಬಿಡುತ್ತವೆ. ಮುತ್ತುಗ, ಕೆಂಪು ಬೂರುಗ, ಹಾಲುವಾಣ ಹೂ ಬಿಡುವುದು ಈ ಬರಿಗೊಂಬೆಗಳ ಮೇಲೆಯೇ. ಈ ಮೂರೂ ಮರಗಳು ಪರಾಗಸ್ಪರ್ಶಕ್ಕೆ ಬಹುಮಟ್ಟಿಗೆ ಹಕ್ಕಿಗಳನ್ನು ನೆಚ್ಚಿಕೊಂಡಿವೆ. ಕೆಂಪು, ಕೇಸರಿ ಬಣ್ಣ ಹಕ್ಕಿಯ ಕಣ್ಣಿಗೆ ದೂರದಿಂದಲೇ ಬೀಳುತ್ತದೆ, ಎಲೆಯ ಮರೆ ಇಲ್ಲದಿದ್ದರೆ ಇನ್ನೂ ದೂರದಿಂದ. ಮರ ತನ್ನ ಸಂತಾನಕ್ಕಾಗಿ ಮಾಡಿಕೊಂಡ ಈ ಏರ್ಪಾಡು ಚಿತ್ರ ತೆಗೆಯುವವರಿಗೂ ಒದಗಿಬರುತ್ತದೆ. ಮಳೆಗಾಲದಲ್ಲಿ ಎಲೆಗಳ ನಡುವೆ ಬರೀ ದನಿಯಾಗಿದ್ದ ಹಕ್ಕಿ ಈಗ ಬಯಲಿಗೆ ಬಂದು ಕೂರುತ್ತದೆ.

ಇಂಥ ಮರಗಳನ್ನು ನೋಡಲು ಪುಣೆಯವರು ಊರು ಬಿಟ್ಟು ಹೋಗಬೇಕಿಲ್ಲ. ಊರೊಳಗಿನ ಗುಡ್ಡಗಳಿಗೆ ಇಲ್ಲಿನವರು ಟೇಕಡಿ ಎನ್ನುತ್ತಾರೆ. ಫರ್ಗ್ಯುಸನ್ ಕಾಲೇಜಿನ ಬೆನ್ನಿಗೆ ಹನುಮಾನ್ ಟೇಕಡಿ, ಸೇನಾಪತಿ ಬಾಪಟ್ ರಸ್ತೆಯ ಪಕ್ಕ ಚತುಃಶೃಂಗಿ, ದಕ್ಷಿಣಕ್ಕೆ ಪರ್ವತಿ ಮತ್ತು ತಳಜಾಯಿ, ಪಶ್ಚಿಮಕ್ಕೆ ಬಾಣೇರ್, ಎಲ್ಲಕ್ಕೂ ಎತ್ತರವಾಗಿ ನಡುವೆ ವೇತಾಳ ಟೇಕಡಿ. ಪುಣೆ ಇರುವುದು ಸಮುದ್ರಮಟ್ಟದಿಂದ ಸುಮಾರು 560 ಮೀಟರ್ ಎತ್ತರದಲ್ಲಿ. ವೇತಾಳದ ನೆತ್ತಿ ಸುಮಾರು 800 ಮೀಟರ್. 1918ರಲ್ಲಿ ಹುಟ್ಟಿದ ಪುಣೆಯ ಕನ್ನಡ ಸಂಘದ ಶಾಲೆ, ಸಭಾಂಗಣಗಳಿರುವ ಎರಂಡವಣೆಯ ಗಣೇಶನಗರದಿಂದ ಈ ಗುಡ್ಡದ ಬುಡಕ್ಕೆ ನಡೆದೇ ಹೋಗಬಹುದು. ಹನುಮಾನ್ ಟೇಕಡಿ ಹತ್ತಿ ಇಳಿದು, ನಮ್ಮ ಕರಾವಳಿಯ ಜಗನ್ನಾಥ ಶೆಟ್ಟರು ಕಟ್ಟಿ ಬೆಳೆಸಿದ ವೈಶಾಲಿಯಲ್ಲಿ ಇಡ್ಲಿ-ಕಾಫಿ ಮುಗಿಸಿ ಮನೆಗೆ ಹೋಗುವುದು ಇಲ್ಲಿ ಎಷ್ಟೋ ಮನೆಗಳ ಭಾನುವಾರದ ರೂಢಿ.

ಗುಡ್ಡ ಇಷ್ಟು ಹತ್ತಿರವಿರುವುದೇ ದೊಡ್ಡ ಭಾಗ್ಯ ಎಂದು ನಾನು ಗಟ್ಟಿಯಾಗಿ ನಂಬಿದ್ದೇನೆ. ತಾಡೋಬಾಕ್ಕೋ ಕಬಿನಿಗೋ ಹೋಗಿ, ಜೀಪುಗಳ ಸಾಲಿನಲ್ಲಿ ನಿಂತು, ಆಗಲೇ ಸಾವಿರಾರು ಜನ ಚಿತ್ರ ತೆಗೆದ ಅದೇ ಹುಲಿಯನ್ನು ನಾವೂ ತೆಗೆದು ತರುತ್ತೇವೆ. ಆ ಸಂತೋಷವನ್ನು ನಾನು ಅಲ್ಲಗಳೆಯುವುದಿಲ್ಲ. ಆದರೆ ನಿಮ್ಮ ಬೀದಿ ಕೊನೆಯ ಬೂರುಗ ಈ ವರ್ಷ ಯಾವ ವಾರ ಹೂ ಬಿಟ್ಟಿತು, ಅದಕ್ಕೆ ಯಾರ್‍ಯಾರು ಬಂದರು ಎನ್ನುವುದನ್ನು ನೀವು ತೆಗೆಯದಿದ್ದರೆ ಇನ್ನಾರೂ ತೆಗೆಯುವುದಿಲ್ಲ. ಹತ್ತಿರದ ಜಾಗಕ್ಕೆ ಮತ್ತೆ ಮತ್ತೆ ಹೋಗಬಹುದು. ನಿನ್ನೆ ಮೋಡ ಇತ್ತು, ಇವತ್ತು ಬಿಸಿಲಿದೆ. ಹೋದ ವಾರ ಮೊಗ್ಗು, ಈ ವಾರ ಹೂ, ಮುಂದಿನ ವಾರ ಕಾಯಿ. ಒಂದೇ ಮರಕ್ಕೆ ಹತ್ತಾರು ಸಲ ಹೋದವನಿಗೆ ಮಾತ್ರ ಯಾವ ಕೊಂಬೆಗೆ ಮೊದಲ ಬಿಸಿಲು ಬೀಳುತ್ತದೆ, ಕಾಗೆ ಯಾವ ದಿಕ್ಕಿನಿಂದ ಬಂದು ಕಾಜಾಣದ ಕೈಲಿ ಅಟ್ಟಿಸಿಕೊಳ್ಳುತ್ತದೆ ಎನ್ನುವುದೆಲ್ಲ ಗೊತ್ತಿರುತ್ತದೆ. ಚಿತ್ರ ಚೆನ್ನಾಗಿ ಬರಲು ದುಬಾರಿ ಲೆನ್ಸ್‌ಗಿಂತ ಈ ತಿಳಿವಳಿಕೆ ಹೆಚ್ಚು ನೆರವಾಗುತ್ತದೆ.

ಮುತ್ತುಗದ ಕೆಳಗೆ

ಪಳಸ್ ಎಂದು ಮರಾಠಿಗರು ಕರೆಯುವ ನಮ್ಮ ಮುತ್ತುಗದ ಹೂವನ್ನು ಒಮ್ಮೆ ಕೈಯಲ್ಲಿ ಹಿಡಿದು ನೋಡಿ. ಕೊಂಬೆಯಿಂದ ಕೀಳುವುದು ಬೇಡ, ಬುಡದಲ್ಲಿ ಬೇಕಾದಷ್ಟು ಬಿದ್ದಿರುತ್ತವೆ. ತೊಟ್ಟು ಮತ್ತು ಅದರ ತುದಿಯ ಬಟ್ಟಲು ಹೆಚ್ಚುಕಡಿಮೆ ಕಪ್ಪು ಎನ್ನುವಷ್ಟು ಕಂದು, ಮೇಲೆಲ್ಲ ನುಣ್ಣನೆಯ ರೋಮ. ಎಸಳುಗಳ ಹೊರಮೈಗೂ ಬೆಳ್ಳಿ ಛಾಯೆಯ ಸಣ್ಣ ರೋಮಗಳಿವೆ, ಓರೆ ಬಿಸಿಲಿನಲ್ಲಿ ಮಾತ್ರ ಅವು ಹೊಳೆಯುತ್ತವೆ. ಎಸಳು ಐದು. ಒಂದು ಹಿಂದಕ್ಕೆ ಮಡಚಿಕೊಂಡಿರುತ್ತದೆ, ಎರಡು ಪಕ್ಕಕ್ಕಿರುತ್ತವೆ, ಉಳಿದೆರಡು ಒಂದಕ್ಕೊಂದು ಅಂಟಿಕೊಂಡು ಗಿಳಿಯ ಕೊಕ್ಕಿನ ಹಾಗೆ ಬಾಗಿರುತ್ತವೆ. ಆ ಕೊಕ್ಕಿನೊಳಗೆ ಕೇಸರಗಳು ಅಡಗಿರುತ್ತವೆ, ಮಕರಂದ ಬುಡದಲ್ಲಿರುತ್ತದೆ. ಹಕ್ಕಿ ಬಂದು ತಲೆ ತೂರಿಸಿದಾಗ ಎಸಳು ಸರಿದು, ಕೇಸರ ಹೊರಗೆ ಚಾಚಿ, ಪರಾಗ ಅದರ ಹಣೆಗೋ ಗಂಟಲಿಗೋ ಮೆತ್ತಿಕೊಳ್ಳುತ್ತದೆ. ಹಳದಿ ಹುಡಿ ಬಳಿದುಕೊಂಡ ಗೊರವಂಕಗಳನ್ನು ಮಾರ್ಚ್‌ನಲ್ಲಿ ನೋಡಿದವರು ಇದಾವುದೋ ಹೊಸ ಜಾತಿ ಎಂದುಕೊಂಡು ನನ್ನನ್ನು ಕೇಳಿದ್ದುಂಟು.

ಈ ಮರಗಳಿಗೆ ಬರುವವರಲ್ಲಿ ಗದ್ದಲದ ಗುಂಪೆಂದರೆ ಗುಲಾಬಿ ಕಬ್ಬಕ್ಕಿಗಳದು. ಅವು ಮರಿ ಮಾಡುವುದು ಮಧ್ಯ ಏಷ್ಯಾದ ಹುಲ್ಲುಗಾವಲುಗಳಲ್ಲಿ. ಮಳೆಗಾಲದಿಂದಲೇ ಇಲ್ಲಿಗೆ ಬರತೊಡಗಿ, ಚಳಿಗಾಲವನ್ನೆಲ್ಲ ನಮ್ಮ ಹೊಲಗದ್ದೆಗಳಲ್ಲಿ ಕಳೆದು, ಏಪ್ರಿಲ್ ಹೊತ್ತಿಗೆ ಹೊರಟುಬಿಡುತ್ತವೆ. ಹೊರಡುವ ಮುಂಚೆ ಮೈಯಲ್ಲಿ ಕೊಬ್ಬು ಕೂಡಿಸಿಕೊಳ್ಳಬೇಕು. ಬೂರುಗ, ಮುತ್ತುಗಗಳ ಮಕರಂದಕ್ಕೆ ಮುಗಿಬೀಳುವುದು ಆಗಲೇ. ಚಳಿಗಾಲದಲ್ಲಿ ಮಾಸಲಾಗಿದ್ದ ಈ ಹಕ್ಕಿಗಳು ಹೊರಡುವ ವೇಳೆಗೆ ಕಡುಗಪ್ಪು ತಲೆ, ಸ್ಪಷ್ಟ ಗುಲಾಬಿ ಮೈ ಪಡೆದಿರುತ್ತವೆ. ಹೊಸ ಗರಿ ಹುಟ್ಟಿ ಹೀಗಾಗುವುದಲ್ಲ. ಇದ್ದ ಗರಿಗಳ ಮಂಕು ಅಂಚು ಸವೆದು ಒಳಗಿನ ಬಣ್ಣ ಹೊರಬರುತ್ತದೆ. ಡಿಸೆಂಬರ್‌ನದೊಂದು, ಮಾರ್ಚ್‌ನದೊಂದು ಚಿತ್ರ ಪಕ್ಕಪಕ್ಕ ಇಟ್ಟರೆ ಈ ಸವೆತ ಬರಿಗಣ್ಣಿಗೆ ಕಾಣುತ್ತದೆ. ಗಂಡು ನೇರಳೆ ಸೂರಕ್ಕಿಯದು ಬೇರೆ ದಾರಿ. ಚಳಿಗಾಲದಲ್ಲಿ ಹೆಣ್ಣಿನ ಹಾಗೆ ಹಳದಿ ಹೊಟ್ಟೆ, ಗಂಟಲಿನಿಂದ ಕೆಳಗೆ ಇಳಿಯುವ ಒಂದೇ ಒಂದು ಕಪ್ಪು ಪಟ್ಟಿ. ವಸಂತದ ಹೊತ್ತಿಗೆ ಗರಿ ಬದಲಿಸಿ ಪೂರ್ತಿ ಕಪ್ಪಾಗಿ, ಬಿಸಿಲು ಬಿದ್ದಾಗ ನೇರಳೆ-ನೀಲಿ ಮಿಂಚುತ್ತದೆ. ಬಿಸಿಲು ನಿಮ್ಮ ಬೆನ್ನ ಹಿಂದಿದ್ದರೆ ಮಾತ್ರ ಈ ಹೊಳಪು ಸಿಗುತ್ತದೆ. ಅದು ಬಣ್ಣದ ಪುಡಿಯಿಂದ ಬಂದದ್ದಲ್ಲ, ಗರಿಯ ಸೂಕ್ಷ್ಮ ರಚನೆಯಿಂದ ಬೆಳಕು ಪ್ರತಿಫಲಿಸಿ ಬಂದದ್ದು.

ಮುತ್ತುಗವನ್ನು ತೆಗೆದವರ ಮಾಮೂಲಿ ದೂರೊಂದಿದೆ: ಕಣ್ಣಿಗೆ ಅಷ್ಟು ಚೆಂದ ಕಂಡ ಹೂ ಚಿತ್ರದಲ್ಲಿ ಬರೀ ಕೇಸರಿ ಕಲೆ. ಕ್ಯಾಮೆರಾ ಕೆಂಪು, ಹಸಿರು, ನೀಲಿ ಮೂರನ್ನೂ ಬೇರೆಬೇರೆ ಅಳೆದುಕೊಂಡು, ಒಟ್ಟು ಬೆಳಕು ಸರಿಯಿದೆಯೇ ಎಂದು ಲೆಕ್ಕ ಹಾಕುತ್ತದೆ. ಒಟ್ಟು ಲೆಕ್ಕ ಸರಿಯಿದ್ದರೂ ಇಂಥ ಹೂವಿನಲ್ಲಿ ಕೆಂಪು ಮಾತ್ರ ತುಂಬಿ ಹರಿದಿರುತ್ತದೆ, ಎಸಳಿನ ನರ, ರೋಮ, ಮಡಿಕೆ ಯಾವುದೂ ಉಳಿಯುವುದಿಲ್ಲ. ಎಕ್ಸ್‌ಪೋಶರನ್ನು ಮುಕ್ಕಾಲು ಸ್ಟಾಪ್‌ನಷ್ಟು ಇಳಿಸಿ, ಹಿಸ್ಟೋಗ್ರಾಮ್‌ನಲ್ಲಿ ಕೆಂಪು ಗೆರೆಯನ್ನು ಪ್ರತ್ಯೇಕವಾಗಿ ನೋಡಿಕೊಳ್ಳಿ. ಮೊಬೈಲಿನಲ್ಲಾದರೆ ಹೂವಿನ ಮೇಲೆ ಬೆರಳಿಟ್ಟು, ಪಕ್ಕದಲ್ಲಿ ಮೂಡುವ ಸೂರ್ಯನ ಗುರುತನ್ನು ಸ್ವಲ್ಪ ಕೆಳಗೆಳೆದರೆ ಸಾಕು. ಬೆಳ್ಳಕ್ಕಿಗೂ ಹೀಗೆಯೇ ಇಳಿಸಬೇಕು. ಕೋಗಿಲೆ, ಕಾಜಾಣದಂಥ ಕಪ್ಪು ಹಕ್ಕಿಗಳು ನೆರಳಲ್ಲಿ ಕೂತಾಗ ಏರಿಸಬೇಕು, ಇಲ್ಲದಿದ್ದರೆ ಕೋಗಿಲೆಯ ಕೆಂಪು ಕಣ್ಣೊಂದೇ ಉಳಿದು ಗರಿಯೆಲ್ಲ ಮಸಿಯಾಗುತ್ತದೆ.

ಬೆಳಗ್ಗೆ ಒಂಬತ್ತರ ಮೇಲೆ ಹಕ್ಕಿಗಳ ಆಸೆ ಬಿಡುವುದು ಒಳ್ಳೆಯದು. ಕಾದ ಕಲ್ಲು-ಮಣ್ಣಿನಿಂದ ಬಿಸಿಗಾಳಿ ಏಳತೊಡಗಿದರೆ ದೂರದ ವಸ್ತು ಅದರಲ್ಲಿ ನಡುಗುತ್ತದೆ, ಎಷ್ಟೇ ಬೆಲೆಯ ಟೆಲಿ ಲೆನ್ಸ್ ಇದ್ದರೂ ಚಿತ್ರ ಮಸುಕು. ಲೆನ್ಸ್ ಕೆಟ್ಟಿದೆ ಎಂದು ರಿಪೇರಿಗೆ ಕೊಟ್ಟವರನ್ನು ಬಲ್ಲೆ. ಆ ಹೊತ್ತಿನಲ್ಲಿ ಕೈಗೆಟುಕುವಷ್ಟು ಹತ್ತಿರದ್ದನ್ನು ತೆಗೆಯಬೇಕು: ಅರಳಿಯ ಚಿಗುರು, ಹೊಂಗೆಯ ಎಳೆ ಎಲೆ. ಅರಳಿಯ ಹೊಸ ಎಲೆ ತಾಮ್ರದ ಬಣ್ಣದಲ್ಲಿರುವುದು ಅದರಲ್ಲಿನ ಆಂಥೋಸಯನಿನ್ ಎಂಬ ವರ್ಣದ್ರವ್ಯದಿಂದ. ಹಸಿರು ಇನ್ನೂ ಬಲಿಯದ ಎಲೆಯನ್ನು ಉರಿಬಿಸಿಲಿನಿಂದ ಅದು ಕಾಪಾಡುತ್ತದೆ. ಸೂರ್ಯ ಎಲೆಯ ಹಿಂದಿರುವಂತೆ ನಿಂತು ತೆಗೆದರೆ ಒಂದೊಂದು ನರವೂ ಕಾಣುತ್ತದೆ. ಇದಕ್ಕೆ ಮೊಬೈಲೇ ಸಾಕು. ಏಪ್ರಿಲ್-ಮೇ ತಿಂಗಳ ವಳೀವ್ ಮಳೆ, ಅಂದರೆ ನಮ್ಮ ಕಡೆಯ ಅಡ್ಡಮಳೆ, ಒಮ್ಮೆ ಬಿದ್ದು ಧೂಳು ತೊಳೆದುಹೋದ ಮರುದಿನ ಬೆಳಗ್ಗೆ ಮಾತ್ರ ಏನೇ ಕೆಲಸವಿದ್ದರೂ ಬಿಟ್ಟು ಗುಡ್ಡ ಹತ್ತಬೇಕು.

ಪಾಷಾಣ, ಖಡಕವಾಸಲಾ ಕಡೆಗೆ ಹೋಗುವವರಿಗೊಂದು ಮಾತು. ಅಲ್ಲೆಲ್ಲ ರಕ್ಷಣಾ ಇಲಾಖೆಯ ಸಂಸ್ಥೆಗಳಿವೆ, ಬೇಲಿಯ ಕಡೆಗೆ ಉದ್ದ ಲೆನ್ಸ್ ತಿರುಗಿಸಬೇಡಿ. ಹಕ್ಕಿ ಕೂತಿರುವುದು ಅದೇ ಬೇಲಿಯ ಮೇಲಾದರೂ ಅಷ್ಟೆ.

ಕರಿಬೇವಿನ ಕುಂಡ

ಗುಡ್ಡ ಹತ್ತಲಾಗದವರಿಗೆ, ಮಂಡಿ ನೋವಿನವರಿಗೆ, ಎಳೆ ಮಕ್ಕಳಿರುವವರಿಗೆ ಮನೆಯ ಬಾಲ್ಕನಿಯಲ್ಲೇ ಒಂದು ಕಾಡಿದೆ. ಕನ್ನಡಿಗರ ಮನೆ ಎಂದ ಮೇಲೆ ಕರಿಬೇವಿನ ಕುಂಡ ಇದ್ದೇ ಇರುತ್ತದೆ. ಅದರ ಎಳೆ ಎಲೆಯ ಮೇಲೆ ಸಾಸಿವೆಗಿಂತ ಚಿಕ್ಕದಾದ, ತಿಳಿ ಹಳದಿಯ ದುಂಡು ಮೊಟ್ಟೆ ಕಂಡರೆ ಅದು ಬಹುಪಾಲು ಕಾಮನ್ ಮಾರ್ಮನ್ ಚಿಟ್ಟೆಯದು, ಇಲ್ಲವೇ ನಿಂಬೆ ಚಿಟ್ಟೆಯದು. ಮೂರು-ನಾಲ್ಕು ದಿನಕ್ಕೆ ಹುಳು ಹೊರಬಂದು ಮೊದಲು ತಾನಿದ್ದ ಮೊಟ್ಟೆಯ ಸಿಪ್ಪೆಯನ್ನೇ ತಿನ್ನುತ್ತದೆ. ಎಳೆ ಹುಳು ಕಂದು-ಬಿಳಿ ಮಿಶ್ರವಾಗಿ ಹಕ್ಕಿಯ ಹಿಕ್ಕೆಯಂತೆಯೇ ಕಾಣುತ್ತದೆ; ಹಕ್ಕಿ ತನ್ನ ಹಿಕ್ಕೆಯನ್ನು ತಾನು ತಿನ್ನುವುದಿಲ್ಲವಲ್ಲ. ಪೊರೆ ಕಳಚುತ್ತ ದೊಡ್ಡದಾದ ಮೇಲೆ ಈ ವೇಷ ಸಾಲದು. ಕೊನೆಯ ಹಂತದಲ್ಲಿ ಹಸಿರಾಗಿ ಎಲೆಯೊಳಗೆ ಬೆರೆತುಹೋಗುತ್ತದೆ, ಬೆನ್ನಿನ ಮೇಲೆ ಕಣ್ಣಿನಂಥ ಗುರುತುಗಳು ಮೂಡುತ್ತವೆ. ಕಡ್ಡಿಯಲ್ಲಿ ಮೆಲ್ಲಗೆ ಮುಟ್ಟಿದರೆ ತಲೆಯ ಹಿಂದಿನಿಂದ ಕವಲೊಡೆದ ಕೊಂಬೊಂದು ಹೊರಚಾಚಿ ಘಾಟು ವಾಸನೆ ಬಿಡುತ್ತದೆ. ಚಿತ್ರಕ್ಕಾಗಿ ಅದನ್ನು ಮತ್ತೆ ಮತ್ತೆ ಕೆಣಕಬೇಡಿ.

ಮೊಟ್ಟೆಯಿಂದ ರೆಕ್ಕೆಯವರೆಗೆ ಹೆಚ್ಚುಕಡಿಮೆ ಒಂದು ತಿಂಗಳು. ದಿನಕ್ಕೊಂದು ಚಿತ್ರ, ಅದೇ ಕುಂಡ, ಅದೇ ಹೊತ್ತು. ಮನೆಯ ಮಕ್ಕಳಿಗೆ ಇದಕ್ಕಿಂತ ಒಳ್ಳೆಯ ಜೀವಶಾಸ್ತ್ರದ ಪಾಠ ನನಗೆ ಗೊತ್ತಿಲ್ಲ. ಕಾಮನ್ ಮಾರ್ಮನ್‌ನ ಹೆಣ್ಣುಗಳಲ್ಲಿ ಕೆಲವು ಗಂಡಿನ ಹಾಗೆ ಕಪ್ಪು-ಬಿಳಿ, ಉಳಿದವು ಕೆಂಪು ಚುಕ್ಕೆ ಇಟ್ಟುಕೊಂಡು ಹಕ್ಕಿಗಳಿಗೆ ರುಚಿಸದ ರೋಸ್ ಚಿಟ್ಟೆಗಳ ವೇಷ ಹಾಕಿರುತ್ತವೆ. ನಿಮ್ಮ ಕುಂಡದಿಂದ ಯಾವ ವೇಷ ಹೊರಬೀಳುತ್ತದೆ ಎನ್ನುವುದು ಕೊನೆಯ ದಿನದವರೆಗೂ ಗುಟ್ಟು. ಇದರ ದೊಡ್ಡ ಬಂಧು ಬ್ಲೂ ಮಾರ್ಮನ್ ಅನ್ನು ಮಹಾರಾಷ್ಟ್ರ 2015ರಲ್ಲಿ ರಾಜ್ಯ ಚಿಟ್ಟೆಯೆಂದು ಘೋಷಿಸಿತು. ರಾಜ್ಯಕ್ಕೊಂದು ಚಿಟ್ಟೆ ಎಂಬ ಪದ್ಧತಿ ದೇಶದಲ್ಲಿ ಶುರುವಾದದ್ದು ಇಲ್ಲಿಂದಲೇ. ಬ್ಲೂ ಮಾರ್ಮನ್ ಕೂಡ ನಿಂಬೆ ಕುಲದ ಗಿಡಗಳನ್ನು ಹುಡುಕಿಕೊಂಡು ಬರುತ್ತದೆ. ಖಾಲಿ ಸೈಟಿನ ಎಕ್ಕದ ಗಿಡದಲ್ಲಿ ಪ್ಲೇನ್ ಟೈಗರ್, ಕುಂಡದ ಕಾಡುಬಸಳೆಯಲ್ಲಿ ರೆಡ್ ಪಿಯರೋ, ಕಾಂಪೌಂಡಿನ ಉದ್ದನೆ ಅಶೋಕದಲ್ಲಿ ಟೇಲ್ಡ್ ಜೇ. ಒಂದೊಂದು ಚಿಟ್ಟೆಗೂ ತನ್ನದೇ ಗಿಡ. ಚಿಟ್ಟೆ ಬೇಕಾದವರು ಗಿಡ ನೆಡಬೇಕು, ಅದರ ಎಲೆ ತೂತಾದಾಗ ಔಷಧಿ ಹೊಡೆಯದೆ ಸುಮ್ಮನಿರಬೇಕು.

ಮ್ಯಾಕ್ರೊ ಲೆನ್ಸ್ ಇಲ್ಲದವರು ಹಳೆಯ 50 ಎಂಎಂ ಲೆನ್ಸನ್ನು ರಿವರ್ಸ್ ರಿಂಗ್ ಹಾಕಿ ತಿರುಗಿಸಿ ಕೂರಿಸಬಹುದು, ನೂರಾರು ರೂಪಾಯಿಯಲ್ಲಿ ಕೆಲಸ ಆಗುತ್ತದೆ. ಅಷ್ಟು ಹತ್ತಿರಕ್ಕೆ ಹೋದಾಗ ಫೋಕಸ್‌ನಲ್ಲಿ ಉಳಿಯುವುದು ಒಂದೆರಡು ಮಿಲಿಮೀಟರ್ ಮಾತ್ರ. ಹಾಗಾಗಿ ಹುಳುವಿನ ಉದ್ದಕ್ಕೆ ಕ್ಯಾಮೆರಾ ಸಮಾನಾಂತರವಾಗಿರಲಿ. ಒಂದನ್ನೇ ಆರಿಸಬೇಕಾದರೆ ಕಣ್ಣನ್ನು ಆರಿಸಿ.

ಹಕ್ಕಿಗಳಿಗೆ ನೀರಿಡುವುದು ಒಳ್ಳೆಯದು. ಅಗಲವಾದ, ಆಳವಿಲ್ಲದ ಮಣ್ಣಿನ ತಟ್ಟೆ ಇರಲಿ, ನೀರು ದಿನಾ ಬದಲಾಗಲಿ. ನಿಂತ ನೀರಲ್ಲಿ ಸೊಳ್ಳೆ ಮರಿ ಮಾಡುತ್ತದೆ, ಪುಣೆಗೆ ಡೆಂಗಿಯ ಕಾಟ ಮೊದಲೇ ಇದೆ. ಕಾಳು ಎರಚುವುದನ್ನು ಮಾತ್ರ ನಾನು ಒಪ್ಪುವುದಿಲ್ಲ. ಅದರಿಂದ ಹೆಚ್ಚುವುದು ಪಾರಿವಾಳಗಳು. ಅವು ಹೆಚ್ಚಿದಷ್ಟೂ ಉಳಿದ ಹಕ್ಕಿಗಳಿಗೆ ಜಾಗವಿಲ್ಲ, ಅವುಗಳ ಒಣ ಹಿಕ್ಕೆಯ ಧೂಳು ಮನುಷ್ಯರ ಶ್ವಾಸಕೋಶಕ್ಕೂ ಕೇಡು. ಒಂದು ಹಮೇಲಿಯಾ ಗಿಡ ನೆಟ್ಟರೆ ಸೂರಕ್ಕಿ ತಾನಾಗಿ ಬರುತ್ತದೆ.

ಗೂಡು ಮತ್ತು ಮರೆ

ವಸಂತ ಹಕ್ಕಿಗಳು ಗೂಡು ಕಟ್ಟುವ ಕಾಲ. ಚಿತ್ರ ತೆಗೆಯುವ ಕೈ ತಡೆಯಬೇಕಾದ್ದೂ ಇಲ್ಲಿಯೇ. ಈ ವಿಷಯದಲ್ಲಿ ನಮ್ಮ ಹಿರಿಯರ ಕಾಲ ಬೇರೆಯಾಗಿತ್ತು ಎನ್ನುವುದನ್ನು ಒಪ್ಪಬೇಕು. ಬೆಂಗಳೂರಿನ ಇ. ಹನುಮಂತರಾವ್, ಟಿ.ಎನ್.ಎ. ಪೆರುಮಾಳ್ (1932-2017) ಮುಂತಾದವರು ಹಕ್ಕಿ ಛಾಯಾಗ್ರಹಣಕ್ಕೆ ಹೆಸರು ತಂದ ದಿನಗಳಲ್ಲಿ ಲೆನ್ಸ್‌ಗಳು ಗಿಡ್ಡ, ಫಿಲ್ಮಿನ ವೇಗ ಕಡಿಮೆ. ಹಕ್ಕಿ ಖಚಿತವಾಗಿ ಹತ್ತಿರಕ್ಕೆ ಬರುವ ಜಾಗ ಗೂಡೊಂದೇ. ಆದ್ದರಿಂದ ಗೂಡಿನ ಸಮೀಪ ಮರೆ ಕಟ್ಟಿಕೊಂಡು, ಗಂಟೆಗಟ್ಟಲೆ ಅಲುಗದೆ ಕೂತು ತೆಗೆಯುವುದು ಆ ಕಾಲದ ವಿಧಾನ. ಸಂಡೂರಿನ ಮರಾಠಾ ರಾಜಮನೆತನದ ಎಂ.ವೈ. ಘೋರ್ಪಡೆಯವರು ಕಪ್ಪು-ಬಿಳುಪಿನಲ್ಲಿ ತೆಗೆದ ವನ್ಯಜೀವಿ ಚಿತ್ರಗಳ ಹಿಂದೆಯೂ ಅಂಥದೇ ತಾಳ್ಮೆ ಇತ್ತು. ಅವರ ‘ಸನ್‌ಲೈಟ್ ಅಂಡ್ ಶ್ಯಾಡೋಸ್’ 1983ರಲ್ಲಿ ಬಂತು. ಮೂಡಿಗೆರೆಯ ತೋಟದಲ್ಲಿದ್ದುಕೊಂಡು ಸುತ್ತಲಿನ ಹಕ್ಕಿಗಳನ್ನು ತೆಗೆದ ಪೂರ್ಣಚಂದ್ರ ತೇಜಸ್ವಿಯವರಿಂದ ಒಂದಿಡೀ ತಲೆಮಾರಿನ ಕನ್ನಡಿಗರು ಹಕ್ಕಿ ನೋಡುವುದನ್ನು ಕಲಿತರು. ಅವರೆಲ್ಲರಿಂದ ನಾವು ಕಲಿಯಬೇಕಾದ್ದು ಕಾಯುವುದನ್ನು. ಗೂಡಿನ ಹತ್ತಿರ ಹೋಗಬೇಕಾದ ಅಗತ್ಯವನ್ನು ಇವತ್ತಿನ 400, 600 ಎಂಎಂ ಲೆನ್ಸ್‌ಗಳು ತೆಗೆದುಹಾಕಿವೆ, ಹಲವು ಸ್ಪರ್ಧೆಗಳು ಗೂಡಿನ ಚಿತ್ರವನ್ನು ಸ್ವೀಕರಿಸುವುದನ್ನೂ ನಿಲ್ಲಿಸಿವೆ.

ಪುಣೆಯ ಬೂದು ಮಂಗಟ್ಟೆಯನ್ನೇ ತೆಗೆದುಕೊಳ್ಳಿ. ಎಂಪ್ರೆಸ್ ಗಾರ್ಡನ್, ವಿಶ್ವವಿದ್ಯಾಲಯದ ಆವರಣ, ಹಳೆಯ ಬಂಗಲೆಗಳ ಆಲ-ಅತ್ತಿ ಮರಗಳಲ್ಲಿ ಈ ಹಕ್ಕಿ ಊರ ನಡುವೆಯೇ ಬದುಕಿದೆ. ಹೆಣ್ಣು ಮರದ ಪೊಟರೆಯೊಳಗೆ ಹೋಗಿ, ಕೊಕ್ಕು ತೂರುವಷ್ಟು ಸೀಳು ಬಿಟ್ಟು ಬಾಗಿಲನ್ನು ಹಿಕ್ಕೆ-ಮಣ್ಣಿನಿಂದ ಮುಚ್ಚಿಕೊಳ್ಳುತ್ತದೆ. ಒಳಗೇ ಮೊಟ್ಟೆ, ಒಳಗೇ ಕಾವು. ವಾರಗಟ್ಟಲೆ ಅದಕ್ಕೂ ಮರಿಗಳಿಗೂ ಗಂಡು ತಂದುಕೊಟ್ಟದ್ದೇ ಅನ್ನ. ಮರದ ಕೆಳಗೆ ಹತ್ತು ಜನ ಟ್ರೈಪಾಡ್ ಹೂಡಿ ಕೂತರೆ ಗಂಡು ದೂರದ ಕೊಂಬೆಯಲ್ಲಿ ಹಣ್ಣು ಕಚ್ಚಿಕೊಂಡು ಕೂತೇ ಇರುತ್ತದೆ, ಹತ್ತಿರ ಬರುವುದಿಲ್ಲ. ಒಳಗಿರುವವರು ಉಪವಾಸ. ಟುವ್ವಿ ಹಕ್ಕಿಯ ಗೂಡಿಗೆ ಆಗುವ ಕೇಡು ಇನ್ನೂ ಸದ್ದಿಲ್ಲದ್ದು. ಎಲೆ ಹೊಲಿದು ಮಾಡಿದ ಆ ಗೂಡು ‘ಸರಿಯಾಗಿ ಕಾಣಲಿ’ ಎಂದು ಸುತ್ತಲಿನ ಎರಡು ಎಲೆ ಕಿತ್ತರೆ ಮರಿಗಳಿಗೆ ಮಧ್ಯಾಹ್ನದ ಬಿಸಿಲು ನೇರ ಬೀಳುತ್ತದೆ, ಕಾಗೆಗೆ ದಾರಿ ತೆರೆಯುತ್ತದೆ. ಮೊಬೈಲಿನಲ್ಲಿ ಹಕ್ಕಿಯ ಕೂಗು ಹಾಕಿ ಕರೆಯುವುದೂ ಈ ಕಾಲದಲ್ಲಿ ದೊಡ್ಡ ತಪ್ಪು. ಗಂಡು ಅದನ್ನು ಎದುರಾಳಿ ಎಂದು ತಿಳಿದು, ಗೂಡು ಬಿಟ್ಟು ಜಗಳಕ್ಕೆ ಬಂದು ದಣಿಯುತ್ತದೆ. ಕೂಗು ಕೇಳಿ ಹಕ್ಕಿಯ ಹೆಸರು ಹೇಳುವ ಮರ್ಲಿನ್‌ನಂಥ ಆ್ಯಪ್ ಬಳಸಿ, ಕೇಳಿಸಿಕೊಳ್ಳುವುದಕ್ಕೆ ಮಾತ್ರ.

ಮೊಬೈಲು ಹಿಡಿದ ಗುಂಪು ಏನು ಮಾಡಬಲ್ಲದು ಎನ್ನುವುದನ್ನು ಪುಣೆ ಕಂಡಿದೆ. 2020ರ ಡಿಸೆಂಬರ್ 9ರ ಬೆಳಗ್ಗೆ ಕೋಥ್ರೂಡ್‌ನ ಮಹಾತ್ಮಾ ಸೊಸೈಟಿಗೆ ಒಂದು ಕಾಟಿ ದಾರಿ ತಪ್ಪಿ ಬಂತು. ಸುದ್ದಿ ಹರಡಿ ಜನ ಸೇರಿದರು, ಅದರ ಹಿಂದೆ ಓಡಿದರು, ವಿಡಿಯೊ ಮಾಡಿದರು. ಗಂಟೆಗಟ್ಟಲೆ ಬೆದರಿ ಓಡಿದ ಪ್ರಾಣಿಗೆ ಅರಿವಳಿಕೆ ಕೊಟ್ಟು ಹಿಡಿದರು, ಅದು ಬದುಕಲಿಲ್ಲ. ಅದೇ ತಿಂಗಳು ಬಾವಧನ್ ಕಡೆ ಇನ್ನೊಂದು ಕಾಟಿ ಕಾಣಿಸಿಕೊಂಡಾಗ ಜನರನ್ನು ದೂರ ಇಟ್ಟು, ಅದಕ್ಕೆ ದಾರಿ ಬಿಟ್ಟುಕೊಟ್ಟರು. ಅದು ಕಾಡಿಗೆ ಮರಳಿತು. ಎರಡು ಘಟನೆಗಳ ನಡುವೆ ಎರಡು ವಾರದಷ್ಟೂ ಅಂತರವಿರಲಿಲ್ಲ ಎನ್ನುವುದನ್ನು ನೆನೆದರೆ ನನಗೆ ಸಂಕಟವೂ ಆಗುತ್ತದೆ, ಸಮಾಧಾನವೂ ಆಗುತ್ತದೆ.

ದಿನಾಂಕ ಬರೆದಿಟ್ಟ ಚಿತ್ರ

ಟೇಕಡಿಯಲ್ಲಿ ದಿನಾ ಸಿಗುವ ಹಿರಿಯರೊಬ್ಬರು ಕ್ಯಾಮೆರಾ ಕಂಡರೆ ಸಾಕು, ‘ಆಜ್ ಕಾಯ್ ದಿಸ್ಲಂ?’ ಎಂದು ವಿಚಾರಿಸುತ್ತಾರೆ. ಏನು ಕಾಣಿಸಿತು ಇವತ್ತು? ವಿಶೇಷ ಏನಿಲ್ಲ ಕಾಕಾ, ಅದೇ ಪಿಕಳಾರ, ಅದೇ ಕಂಚುಗಾರ ಹಕ್ಕಿ ಎಂದರೆ, ‘ಅವು ಇನ್ನೂ ಇವೆಯಲ್ಲ, ಅದೇ ವಿಶೇಷ’ ಎಂದು ಮರಾಠಿಯಲ್ಲಿ ಹೇಳಿ ಮುಂದೆ ಹೋಗುತ್ತಾರೆ. ಅವರು ಹೇಳಿದ್ದರಲ್ಲಿ ತೂಕವಿದೆ. 2023ರ ‘ಭಾರತದ ಹಕ್ಕಿಗಳ ಸ್ಥಿತಿಗತಿ’ ವರದಿ 942 ಜಾತಿಗಳನ್ನು ಪರಿಶೀಲಿಸಿತು. ಅದಕ್ಕೆ ಆಧಾರವಾದದ್ದು ದೇಶದ ಸುಮಾರು 30,000 ಹವ್ಯಾಸಿಗಳು ದಾಖಲಿಸಿದ ಮೂರು ಕೋಟಿ ವೀಕ್ಷಣೆಗಳು. ಅವುಗಳಲ್ಲಿ ಎಷ್ಟೋ ನಮ್ಮ ನಿಮ್ಮಂಥವರು ಮನೆಯ ಹಿತ್ತಿಲಲ್ಲಿ, ವಾಕಿಂಗ್‌ನಲ್ಲಿ ನೋಡಿ ಬರೆದವು. ಎಲ್ಲೆಡೆ ಕಾಣುತ್ತದೆ ಎಂದು ನಾವು ಅಂದುಕೊಂಡಿದ್ದ, ಕರ್ನಾಟಕದ ರಾಜ್ಯಪಕ್ಷಿಯೂ ಆದ ನೀಲಕಂಠ ಕಡಿಮೆಯಾಗುತ್ತಿದೆ ಎಂದು ತಿಳಿದದ್ದು ಇಂಥ ಲೆಕ್ಕದಿಂದ. ಅಪರೂಪದ್ದನ್ನು ಮಾತ್ರ ದಾಖಲಿಸುತ್ತಿದ್ದರೆ ಅದು ಗೊತ್ತಾಗುತ್ತಲೇ ಇರಲಿಲ್ಲ.

ಪುಣೆಗೆ ಈ ದಾಖಲಿಸುವ ಪರಂಪರೆ ಚೆನ್ನಾಗಿಯೇ ಇದೆ. ವೃತ್ತಿಯಿಂದ ಎಂಜಿನಿಯರ್ ಆದ ಶ್ರೀಕಾಂತ ಇಂಗಳಹಳ್ಳಿಕರ್ ಸಹ್ಯಾದ್ರಿಯ ಕಾಡುಹೂಗಳ ಚಿತ್ರ ತೆಗೆಯುತ್ತ ತೆಗೆಯುತ್ತ ‘ಫ್ಲವರ್ಸ್ ಆಫ್ ಸಹ್ಯಾದ್ರಿ’ (2001) ಎಂಬ ಕೈಪಿಡಿ ತಂದರು. ಪುಣೆಯ ಮರಗಳ ಮೇಲೂ ಅವರ ಪುಸ್ತಕವಿದೆ. ಗುಡ್ಡ ಹತ್ತುವ ಹುಡುಗರ ಚೀಲದಲ್ಲಿ ಇವು ಇಂದಿಗೂ ಇರುತ್ತವೆ. ಗರವಾರೆ ಕಾಲೇಜಿನಲ್ಲಿ ಸಸ್ಯಶಾಸ್ತ್ರ ಕಲಿಸಿದ ಡಾ. ಹೇಮಾ ಸಾನೆ ಬುಧವಾರ ಪೇಠೆಯ ಗಿಜಿಗಿಜಿಯ ನಡುವೆ, ವಿದ್ಯುತ್ತೇ ಇಲ್ಲದ ಮನೆಯಲ್ಲಿ, ಮರಗಳ ಮತ್ತು ಹಕ್ಕಿಗಳ ಜತೆ ಬದುಕಿ ಪುಸ್ತಕದ ಮೇಲೆ ಪುಸ್ತಕ ಬರೆದರು. ಹಳೆ ಪೇಠೆಯ ಒಂದು ಹಿತ್ತಿಲು ಎಷ್ಟು ಜೀವಗಳಿಗೆ ನೆಲೆಯಾಗಬಲ್ಲದು ಎನ್ನುವುದಕ್ಕೆ ಅವರ ಅಂಗಳ ಸಾಕ್ಷಿ. 1982ರಲ್ಲಿ ಇಲ್ಲಿ ಇಕಲಾಜಿಕಲ್ ಸೊಸೈಟಿ ಕಟ್ಟಿದ ಪ್ರಕಾಶ ಗೋಳೆ ನದಿಯ ಹಕ್ಕಿಗಳ ಬಗ್ಗೆ ಮತ್ತು ನದಿಯ ಬಗ್ಗೆ ಒಟ್ಟೊಟ್ಟಿಗೆ ಯೋಚಿಸಿದವರು. ಆ ಮುಳಾ-ಮುಠಾ ನದಿಯೇ ಭೀಮೆಯನ್ನು ಸೇರಿ ಮುಂದೆ ವಿಜಯಪುರ, ಕಲಬುರಗಿಗಳನ್ನು ಹಾಯುತ್ತದೆ. ಅದೇ ನದಿಯ ದಂಡೆಯ ಕವಡಿಪಾಟ್‌ನಲ್ಲಿ ಪ್ಲಾಸ್ಟಿಕ್ ರಾಶಿಯ ನಡುವೆ ಚಕ್ರವಾಕಗಳ ಚಿತ್ರ ತೆಗೆಯುವಾಗಲೆಲ್ಲ ನನಗೆ ಕೆಳಗಿನ ಊರುಗಳ ನೆನಪಾಗುತ್ತದೆ. ಬಹಳ ಜನ ಆ ಪ್ಲಾಸ್ಟಿಕ್ಕನ್ನು ಫ್ರೇಮಿನಿಂದ ಹೊರಗಿಡಲು ಒದ್ದಾಡುತ್ತಾರೆ. ಒಂದು ಚಿತ್ರದಲ್ಲಾದರೂ ಅದು ಇರಲಿ ಎನ್ನುತ್ತೇನೆ.

ಯಾಕೆಂದರೆ ಇವತ್ತಿನ ಗುಡ್ಡ, ನದಿ ನಾಳೆಯೂ ಹೀಗೆಯೇ ಇರುತ್ತದೆ ಎಂಬ ಭರವಸೆ ಇಲ್ಲ. ವೇತಾಳ ಟೇಕಡಿಯ ಮೇಲಿನ ರಸ್ತೆ, ಸುರಂಗಗಳ ಯೋಜನೆಯ ವಿರುದ್ಧ 2023ರಲ್ಲಿ ಪುಣೆಯ ಜನ ಬೀದಿಗಿಳಿದರು. ಅದೇ ವರ್ಷ ನದಿದಂಡೆ ಯೋಜನೆಯಲ್ಲಿ ಮರಗಳು ಹೋಗುತ್ತವೆ ಎಂದು ಮರ ಅಪ್ಪಿಕೊಂಡು ನಿಂತರು. ಇಂಥ ವಾದಗಳಲ್ಲಿ ‘ಅಲ್ಲೇನಿದೆ, ಬರೀ ಕುರುಚಲು’ ಎಂಬ ಮಾತು ಬರುತ್ತದೆ. ಅದಕ್ಕೆ ಉತ್ತರ ಕೊಡಬಲ್ಲದ್ದು ಜಾಗ, ದಿನಾಂಕ, ಹೊತ್ತು ನಮೂದಾದ ಚಿತ್ರಗಳು. ಚಿತ್ರ ಸುಂದರವಾಗಿರಲೇಬೇಕೆಂದಿಲ್ಲ, ಹಕ್ಕಿಯ ಗುರುತು ಸಿಗುವಷ್ಟು ಸ್ಪಷ್ಟವಿದ್ದರೆ ಆಯಿತು.

ಇವನ್ನು ಹಾಕಲು ಜಾಗಗಳಿವೆ. 2008ರಲ್ಲಿ ಶುರುವಾದ ಐನ್ಯಾಚುರಲಿಸ್ಟ್‌ನಲ್ಲಿ ಚಿತ್ರ ಏರಿಸಿದರೆ ಬಲ್ಲವರು ಹೆಸರು ಹೇಳುತ್ತಾರೆ. ಹಕ್ಕಿಗಳಿಗೆ ಇ-ಬರ್ಡ್ ಇದೆ. ಫೆಬ್ರವರಿಯಲ್ಲಿ ನಾಲ್ಕು ದಿನ ‘ಗ್ರೇಟ್ ಬ್ಯಾಕ್‌ಯಾರ್ಡ್ ಬರ್ಡ್ ಕೌಂಟ್’ ನಡೆಯುತ್ತದೆ. ಅಮೆರಿಕದಲ್ಲಿ 1998ರಲ್ಲಿ ಹುಟ್ಟಿದ ಈ ಎಣಿಕೆಗೆ ಭಾರತ ಸೇರಿದ್ದು 2013ರಲ್ಲಿ. ಏಪ್ರಿಲ್ ಕೊನೆಗೆ ಊರೂರುಗಳ ನಡುವೆ ‘ಸಿಟಿ ನೇಚರ್ ಚಾಲೆಂಜ್’. ಗೂಡಿನ ಜಾಗ, ಗೂಬೆ ಕೂರುವ ಪೊಟರೆ ಇಂಥವನ್ನು ಮಾತ್ರ ನಿಖರವಾಗಿ ಬಹಿರಂಗ ಮಾಡಬೇಡಿ; ಜಾಗವನ್ನು ಮಸುಕಾಗಿಸುವ ಅನುಕೂಲ ಐನ್ಯಾಚುರಲಿಸ್ಟ್‌ನಲ್ಲಿದೆ.

ಮೇ ಹೊತ್ತಿಗೆ ಕಕ್ಕೆಯ ಹಳದಿ ಗೊಂಚಲು, ಮಹಾರಾಷ್ಟ್ರದ ರಾಜ್ಯಪುಷ್ಪವಾದ ತಾಮ್ಹಣದ ನೇರಳೆ ಹೂ ರಸ್ತೆಬದಿಯಲ್ಲಿ ತುಂಬಿರುತ್ತವೆ. ಅದರ ಹಿಂದೆಯೇ, ಮುಂಗಾರಿನ ಗಾಳಿಯ ಜತೆ ಆಫ್ರಿಕಾದಿಂದ ಕಡಲು ದಾಟಿ ಚಾತಕ ಬರುತ್ತದೆ. ತಲೆ ಮೇಲೆ ಜುಟ್ಟು, ಮೇಲೆ ಕಪ್ಪು, ಕೆಳಗೆ ಬಿಳಿ. ಹರಟೆಮಲ್ಲಗಳ ಗೂಡಿನಲ್ಲಿ ಮೊಟ್ಟೆಯಿಟ್ಟು ಹೋಗುವ ಹಕ್ಕಿ. ಇಂಥ ವಲಸೆ ಹಕ್ಕಿಗಳು ಯಾವ ಊರಿಗೆ ಯಾವ ದಿನ ಬಂದವು ಎಂದು ಜನರಿಂದಲೇ ತಿಳಿದುಕೊಳ್ಳಲು ಬೆಂಗಳೂರಿನಿಂದ 2007ರಲ್ಲಿ ‘ಮೈಗ್ರಂಟ್‌ವಾಚ್’ ಎಂಬ ಯೋಜನೆ ಶುರುವಾಗಿತ್ತು. ದಕ್ಷಿಣದಲ್ಲಿ ಕೆಲವು ಚಾತಕಗಳು ವರ್ಷವಿಡೀ ಇರುತ್ತವೆ, ಪುಣೆಯಲ್ಲಿ ಕಾಣುವವು ಮಳೆಯ ಅತಿಥಿಗಳು. ಮೇ ಕೊನೆಯ ವಾರದಿಂದ ತಂತಿ, ಜಾಲಿ ಮರದ ತುದಿ ನೋಡುತ್ತಿರಿ. ಮೊದಲ ಚಾತಕ ಕಂಡ ದಿನ ಚಿತ್ರ ತೆಗೆದು ದಿನಾಂಕದ ಸಮೇತ ಹಾಕಿ. ಧಾರವಾಡದಲ್ಲೋ ಬೆಳಗಾವಿಯಲ್ಲೋ ನೆಂಟರಿದ್ದರೆ ಅವರಿಗೂ ಒಂದು ಫೋನ್ ಮಾಡಿ, ಅಲ್ಲಿಗೆ ಯಾವಾಗ ಬಂತು ಕೇಳಿ.